ಸಂತೆ ಎಲ್ಲಿರಬೇಕು ಅಂತ ಊರನ್ನೇ ಕೇಳೋದು ಹೇಗೆ: ಪುರಸಭೆ, ಪಂಚಾಯ್ತಿಯವರು ಆನ್‌ಲೈನಲ್ಲಿ ಜನಾಭಿಪ್ರಾಯ ತಗೊಳೋಕೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ ಒಂದು ಸಣ್ಣ ಊರಿನ ಪುರಸಭೆಗೆ ನಾನೇ ಕೂತು ಗೂಗಲ್ ಫಾರ್ಮ್ ಮಾಡ್ಕೊಟ್ಟಿದ್ದೆ. ವಾರದ ಸಂತೇನ ಬಸ್ ಸ್ಟ್ಯಾಂಡ್ ಪಕ್ಕದಿಂದ ಊರಾಚೆ ಎಪಿಎಂಸಿ ಯಾರ್ಡಿಗೆ ಸಾಗಿಸ್ಬೇಕಾ ಬೇಡ್ವಾ ಅಂತ ಜನರನ್ನ ಕೇಳೋದು ವಿಷಯ. ಲಿಂಕನ್ನ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದ್ವಿ, ಒಂದು ವಾರ ಟೈಮ್ ಕೊಟ್ವಿ, ಅರವತ್ತು ಚಿಲ್ಲರೆ ಉತ್ತರ ಬಂತು, ಮುಕ್ಕಾಲು ಪಾಲು ಜನ ಸಾಗಿಸಿ ಅಂದ್ರು, ನಮಗೋ ಜನಾಭಿಪ್ರಾಯ ಸಿಕ್ಕೇ ಬಿಡ್ತು ಅಂತ ಖುಷಿಯೋ ಖುಷಿ. ಆಮೇಲೆ ಶೀಟ್ ತೆಗೆದು ಒಂದೊಂದೇ ಹೆಸರು ನೋಡ್ತಾ ಹೋದ್ರೆ ಸಂತೇಲಿ ಕೂತು ಮಾರೋರು ಅದರಲ್ಲಿ ಒಬ್ರೂ ಇಲ್ಲ. ಮುಂದಿನ ಸಂತೆ ದಿನ ಸೊಪ್ಪು ಮಾರೋ ಅಜ್ಜಿ ಒಬ್ರನ್ನ ಕೇಳ್ದೆ, ನಿಮ್ಗೆ ವಿಷಯ ಗೊತ್ತಾಯ್ತಾ ಅಜ್ಜಿ ಅಂತ. ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸ್ತಾ, "ಯಾವ ಲಿಂಕೋ ಏನೋ ಕಣಪ್ಪ, ನಮ್ಗೆ ಯಾವಾಗ್ಲೂ ಗೊತ್ತಾಗೋದು ಜೆಸಿಬಿ ಬಂದ್ಮೇಲೇ" ಅಂದ್ರು.

ಅವತ್ತಿಂದ ಇಂಥ ನಾಲ್ಕೈದು ಕೆಲಸಕ್ಕೆ ಕೈ ಹಾಕಿದೀನಿ, ಕೆಲವು ಕೈ ಸುಟ್ಕೊಂಡಿದ್ದೂ ಇದೆ. ಇದು ಪುರಸಭೆ ಮುಖ್ಯಾಧಿಕಾರಿಗಳು, ಪಿಡಿಒಗಳು, ಕೌನ್ಸಿಲರ್‌ಗಳು, ಜೊತೆಗೆ "ನೀನು ಕಂಪ್ಯೂಟರ್ ಓದಿದೀಯಲ್ಲಪ್ಪ, ಸ್ವಲ್ಪ ಮಾಡ್ಕೊಡು" ಅನ್ನಿಸಿಕೊಂಡು ಸಿಕ್ಕಾಕೊಂಡಿರೋ ನನ್ನಂಥವ್ರಿಗೆ ಬರೀತಿರೋದು. ಮೊದಲೇ ಹೇಳ್ಬಿಡ್ತೀನಿ, ಫಾರ್ಮ್ ಮಾಡೋದು ಅರ್ಧ ಗಂಟೆ ಕೆಲಸ, ಬಂದಿದ್ದಕ್ಕೆ ಉತ್ತರ ಕೊಡೋದು ಅರ್ಧ ತಿಂಗಳ ಕೆಲಸ. ಎರಡನೇದಕ್ಕೆ ಆಳಿಲ್ಲ ಅಂದ್ರೆ ಮೊದಲನೇದನ್ನ ಶುರು ಮಾಡ್ಲೇಬೇಡಿ.

ಹಂತ 1: ಯಾವುದು ಇನ್ನೂ ತೀರ್ಮಾನ ಆಗಿಲ್ಲ ಅಂತ ಬರೆದಿಡಿ

ಲ್ಯಾಪ್‌ಟಾಪ್ ಆಮೇಲೆ ತೆಗೆದ್ರಾಯ್ತು. ಮೊದಲು ಒಂದು ಹಾಳೆ ಮೇಲೆ ಮೂರು ವಿಷಯ ಬರೀರಿ: ಯಾವುದು ಆಗ್ಲೇ ತೀರ್ಮಾನ ಆಗಿದೆ, ಯಾವುದನ್ನ ಜನ ಹೇಳಿದ್ರೆ ಬದಲಾಯಿಸ್ತೀವಿ, ಕೊನೇ ತೀರ್ಮಾನ ಯಾರದ್ದು, ಯಾವತ್ತು. ನಮ್ಮ ಸಂತೆ ಕೇಸಲ್ಲಿ ಬಸ್ ಸ್ಟ್ಯಾಂಡ್ ರಸ್ತೆ ಅಗಲ ಮಾಡೋದು ಪುರಸಭೆ ಕೈಯಲ್ಲಿ ಇರ್ಲಿಲ್ಲ, ಅದು ಆಗ್ಲೇ ಮಂಜೂರಾಗಿತ್ತು. ಆದ್ರೆ ಸಂತೆ ಜಾಗ, ಸಮಯ, ಸುಂಕ, ನೆರಳು, ಗಾಡಿ ಪಾರ್ಕಿಂಗ್ ಇದೆಲ್ಲ ಇನ್ನೂ ಕೌನ್ಸಿಲ್ ಮುಂದೆ ಬರ್ಬೇಕಿತ್ತು. ಇದನ್ನ ಬಿಡಿಸಿ ಹೇಳ್ದೇ ಇದ್ದಿದ್ದಕ್ಕೆ ಬಂದ ಉತ್ತರದಲ್ಲಿ ಅರ್ಧ ರಸ್ತೆ ಬಗ್ಗೇನೇ ಇತ್ತು, ನಾವು ಏನೂ ಮಾಡೋಕೆ ಆಗದ ವಿಷಯದ ಬಗ್ಗೆ.

ಇಂಗ್ಲೆಂಡಲ್ಲಿ 1985ರ ಒಂದು ಕೇಸಿಂದ ಬಂದ ಗನ್ನಿಂಗ್ ಸೂತ್ರ ಅಂತ ನಾಲ್ಕಿವೆ, ಜನಾಭಿಪ್ರಾಯ ಸರಿಯಾಗಿ ತಗೊಂಡ್ರಾ ಅಂತ ಅಲ್ಲಿನ ಕೋರ್ಟುಗಳು ಇವತ್ತಿಗೂ ಅದನ್ನೇ ಹಿಡಿದು ಅಳೀತಾವೆ. ವಿಷಯ ಇನ್ನೂ ಹಸಿ ಇರುವಾಗ್ಲೇ ಕೇಳ್ಬೇಕು, ಯೋಚನೆ ಮಾಡಿ ಹೇಳೋವಷ್ಟು ಮಾಹಿತಿ ಕೊಡ್ಬೇಕು, ಸಾಕಷ್ಟು ಟೈಮ್ ಕೊಡ್ಬೇಕು, ಬಂದಿದ್ದನ್ನ ಮನಸ್ಸಿಟ್ಟು ಪರಿಗಣಿಸ್ಬೇಕು. ಅದು ನಮ್ಮ ಕಾನೂನಲ್ಲ ನಿಜ, ಆದ್ರೆ ನೋಟಿಸ್ ಹೊರಡಿಸೋ ಮುಂಚೆ ಈ ನಾಲ್ಕಕ್ಕೆ ಟಿಕ್ ಹಾಕೋಕೆ ಆಗತ್ತಾ ನೋಡ್ಕೊಂಡ್ರೆ ಮುಂದಿನ ಮುಕ್ಕಾಲು ತಲೆನೋವು ತಪ್ಪತ್ತೆ. ಟೆಂಡರ್ ಕರೆದಾದ್ಮೇಲೆ "ಸಾರ್ವಜನಿಕರು ಸಲಹೆ ನೀಡಬಹುದು" ಅನ್ನೋದು ಊಟ ಬಡಿಸಿದ್ಮೇಲೆ ಏನ್ ಅಡುಗೆ ಮಾಡ್ಲಿ ಅಂತ ಕೇಳ್ದಂಗೆ.

ಹಂತ 2: ಕಾನೂನು ಏನು ಹೇಳತ್ತೆ ನೋಡ್ಕೊಳ್ಳಿ

ಆನ್‌ಲೈನ್ ಮಾಡಿದ್ವಲ್ಲ ಅಂತ ಕಾನೂನಿನ ದಾರಿ ಬಿಡೋ ಹಾಗಿಲ್ಲ. ನಿಯಮದ ಕರಡಾದ್ರೆ ರಾಜ್ಯಪತ್ರದಲ್ಲಿ ಹಾಕಿ ಆಕ್ಷೇಪಣೆ ಕರೀಲೇಬೇಕಾದ ಕಡೆ ಕರೀಲೇಬೇಕು, ವಾಟ್ಸಾಪ್ ಪೋಲ್ ಅದರ ಬದಲಿಗೆ ನಿಲ್ಲಲ್ಲ. ಗ್ರಾಮಸಭೆ, ವಾರ್ಡ್ ಸಭೆ ಆಗ್ಬೇಕಾದ ಕಡೆ ಅದೇ ಆಗ್ಬೇಕು, ಆನ್‌ಲೈನ್ ಏನಿದ್ರೂ ಅದರ ಜೊತೆಗೆ. ಸಂತೆ, ಫುಟ್‌ಪಾತ್ ಅಂಗಡಿ ವಿಷಯವಾದ್ರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಟಿವಿಸಿ ಅಂತಾರಲ್ಲ ಆ ಪಟ್ಟಣ ವ್ಯಾಪಾರ ಸಮಿತೀಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರ್ಬೇಕು. ನಾವು ಲಿಂಕ್ ಹಂಚೋ ಗಲಾಟೇಲಿ ಆ ಸಮಿತಿಗೆ ಒಂದು ಕಾಗದ ಕೂಡ ಕಳ್ಸಿರ್ಲಿಲ್ಲ, ನಾಚಿಕೆ ಆಗತ್ತೆ ಹೇಳೋಕೆ.

ಎಷ್ಟು ದಿನ ಕೊಡ್ಬೇಕು? ಕೇಂದ್ರ ಸರ್ಕಾರದ 2014ರ ಶಾಸನಪೂರ್ವ ಸಮಾಲೋಚನೆ ನೀತಿ ಕನಿಷ್ಠ 30 ದಿನ ಅನ್ನತ್ತೆ. ಅದು ಕೇಂದ್ರದ ಇಲಾಖೆಗಳಿಗೆ, ನಿಮ್ಮನ್ನ ಕಟ್ಟಿಹಾಕಲ್ಲ, ಆದ್ರೂ ಅಳತೆಗೋಲಾಗಿ ಇಟ್ಕೊಳ್ಳಿ. ನಮ್ಮ ರಾಜ್ಯದ ಗಿಗ್ ಕಾರ್ಮಿಕರ ಮಸೂದೆ ಕರಡನ್ನ 2024ರ ಜೂನ್ ಕೊನೇಲಿ ಹಾಕಿ ಹತ್ತು ದಿನ ಕೊಟ್ಟಿದ್ರು. ಇಡೀ ದಿನ ಬೈಕ್ ಮೇಲಿರೋ ಹುಡುಗ್ರು ಆ ಹತ್ತು ದಿನದಲ್ಲಿ ಕಾನೂನಿನ ಕರಡು ಓದಿ, ನಾಲ್ಕು ಜನರ ಹತ್ರ ಮಾತಾಡಿ, ಬರೆದು ಕಳ್ಸೋದು ಯಾವಾಗ? ಊರಿನ ವಿಷಯಕ್ಕೆ ನಾನು ಈಗ 30 ದಿನಕ್ಕೆ ಕಮ್ಮಿ ಒಪ್ಪಲ್ಲ. ಅದರಲ್ಲಿ ಕನಿಷ್ಠ ನಾಲ್ಕು ಸಂತೆ ಬರತ್ತೆ ನೋಡಿ.

ಹಂತ 3: ಓದೋಕೆ ಆಗೋ ಕಾಗದ

ಬಹಳ ಕಡೆ ಎಡವೋದು ಇಲ್ಲೇ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ, ಅದೇ ಇಐಎ ಕರಡು, ಲಾಕ್‌ಡೌನ್ ಮಧ್ಯೆ ಇಂಗ್ಲಿಷ್ ಹಿಂದೀಲಿ ಬಂತು. ಗಣಿ, ಅಣೆಕಟ್ಟು ಪಕ್ಕ ಬದುಕೋರು ಕನ್ನಡ, ತಮಿಳು, ಒಡಿಯಾ ಮಾತಾಡೋರು, ಅವರು ಓದೋದು ಹೇಗೆ? ದೆಹಲಿ ಹೈಕೋರ್ಟ್ ಜೂನ್ 30ಕ್ಕೆ ಆದೇಶ ಮಾಡಿ ಸಂವಿಧಾನದ ಎಂಟನೇ ಶೆಡ್ಯೂಲಿನ ಭಾಷೆಗಳಿಗೆಲ್ಲ ಅನುವಾದ ಮಾಡಿ ಅಂತ ಹೇಳಿ ಗಡುವನ್ನ ಆಗಸ್ಟ್ 11ಕ್ಕೆ ವಿಸ್ತರಿಸ್ತು, ನಮ್ಮ ಕರ್ನಾಟಕ ಹೈಕೋರ್ಟೂ ಆ ಆಗಸ್ಟಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂಗೆ ತಡೆ ಕೊಡ್ತು. ಭಾಷೆ ವಿಷಯ ಸಣ್ಣದು ಅಂದ್ಕೊಂಡೋರಿಗೆ ಇದು ನೆನಪಿರ್ಲಿ.

ಎರಡು ಪುಟ ಸಾಕು, ಕನ್ನಡದಲ್ಲಿ, ಸಂತೇಲಿ ಮಾತಾಡೋ ಕನ್ನಡದಲ್ಲಿ. "ಸದರಿ ಸ್ಥಳಾಂತರ ಪ್ರಸ್ತಾವನೆಯ ಕುರಿತಂತೆ" ಅಂತ ಶುರುವಾದ್ರೆ ಮೂರನೇ ಪದಕ್ಕೇ ಜನ ಫೋನ್ ಕೆಳಗಿಡ್ತಾರೆ. ಈಗ ಹೇಗಿದೆ, ಏನು ಮಾಡ್ಬೇಕು ಅಂತಿದೀವಿ, ಯಾಕೆ, ಬೇರೆ ಯಾವ ದಾರಿ ನೋಡಿದ್ವಿ, ದುಡ್ಡು ಎಷ್ಟು, ಯಾರಿಗೆ ತೊಂದ್ರೆ ಆಗ್ಬಹುದು, ಇಷ್ಟು ಬರೀರಿ. ಕೊನೇ ಪಾಯಿಂಟ್ ಬರೆಯೋಕೆ ಆಫೀಸಲ್ಲಿ ಯಾರೂ ಒಪ್ಪಲ್ಲ, ನಾವೇ ಆಕ್ಷೇಪಣೆ ಕೈಗೆ ಕೊಟ್ಟಂಗಾಗತ್ತೆ ಸಾರ್ ಅಂತಾರೆ. ಬರೀರಿ ಪರವಾಗಿಲ್ಲ, ನೀವು ಬರೀದಿದ್ರೂ ಊರಿಗೆ ಗೊತ್ತು. ನಕ್ಷೆ ಅಂದ್ರೆ ಇಂಜಿನಿಯರ್ ಡ್ರಾಯಿಂಗ್ ಹಾಕ್ಬೇಡಿ, ಜಾಗದ ಫೋಟೋ ತೆಗೆದು ಅದರ ಮೇಲೆ ಗೆರೆ ಎಳೆದು "ಇಲ್ಲಿಂದ ಇಲ್ಲಿವರೆಗೆ" ಅಂತ ತೋರ್ಸಿ. ಉದ್ದದ ಕರಡಾದ್ರೆ ಪ್ರತಿ ಪ್ಯಾರಾಗೂ ನಂಬರ್ ಇರ್ಲಿ, "7ನೇ ಪ್ಯಾರಾ ಬಗ್ಗೆ ನಮ್ಮ ತಕರಾರು" ಅಂತ ಬರೆಯೋಕೆ ಅನುಕೂಲ.

ಇನ್ನೊಂದು, ದಯವಿಟ್ಟು ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕ್ಬೇಡಿ. ಸೀಲು ಸಹಿ ಹಾಕಿ, ಜೆರಾಕ್ಸ್ ಮಾಡಿ, ಸೊಟ್ಟಗೆ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ ಕಾಗದವನ್ನ ಕಣ್ಣು ಕಾಣದೋರ ಸ್ಕ್ರೀನ್ ರೀಡರ್ ಓದಲ್ಲ, ಹುಡುಕಿದ್ರೂ ಸಿಗಲ್ಲ. ನುಡಿ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಹಂಗೇ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದ್ರೆ ಕನ್ನಡದ ಬದ್ಲು ಇಂಗ್ಲಿಷ್ ಅಕ್ಷರಗಳ ಕಸ ಬೀಳತ್ತೆ, ಯೂನಿಕೋಡಿಗೆ ಕನ್ವರ್ಟ್ ಮಾಡಿ ಹಾಕಿ. ಸಹಿ ಬೇಕೇ ಬೇಕು ಅಂದ್ರೆ ಸಹಿ ಇರೋ ಪ್ರತಿ ಒಂದು ಕಡೆ, ಓದೋ ಪ್ರತಿ ಇನ್ನೊಂದು ಕಡೆ.

ಹಂತ 4: ಪ್ರಶ್ನೆ

ನಾನು ಅವತ್ತು ಬರೆದ ಪ್ರಶ್ನೆ ಇದು: "ಪಟ್ಟಣದ ಅಭಿವೃದ್ಧಿ ಹಾಗೂ ಸುಗಮ ಸಂಚಾರದ ದೃಷ್ಟಿಯಿಂದ ಸಂತೆಯ ಸ್ಥಳಾಂತರಕ್ಕೆ ತಮ್ಮ ಒಪ್ಪಿಗೆ ಇದೆಯೇ? ಹೌದು / ಇಲ್ಲ." ಇದಕ್ಕೆ ಇಲ್ಲ ಅಂದ್ರೆ ಅಭಿವೃದ್ಧಿ ಬೇಡ ಅಂದಂಗಾಗತ್ತೆ, ಅದು ಪ್ರಶ್ನೇನೇ ಅಲ್ಲ, ಸಹಿ ಹಾಕಿಸ್ಕೊಳೋ ಕಾಗದ. ಅದೇ ಸಂತೆ ಬಗ್ಗೆ ಎರಡನೇ ಸಲ ಜನರನ್ನ ಕೇಳ್ದಾಗ ಹೀಗೆ ಬದಲಾಯಿಸಿದ್ವಿ: ನೀವು ಸಂತೆಗೆ ಯಾಕೆ ಬರ್ತೀರಿ (ಮಾರೋಕೆ, ಕೊಳ್ಳೋಕೆ, ಅಲ್ಲೇ ಅಂಗಡಿ ಇದೆ, ಆಟೋ ಓಡಿಸ್ತೀನಿ, ಬೇರೆ)? ಹೇಗೆ ಬರ್ತೀರಿ? ಈಗಿರೋ ಜಾಗದಲ್ಲಿ ನಿಮ್ಗೆ ಆಗ್ತಿರೋ ತೊಂದ್ರೆ ಏನು? ಎಪಿಎಂಸಿ ಯಾರ್ಡಿಗೆ ಹೋದ್ರೆ ನಿಮ್ಗೆ ಏನು ಲಾಭ, ಏನು ನಷ್ಟ? ಹೋಗ್ಲೇಬೇಕು ಅಂದ್ರೆ ಅಲ್ಲಿ ಮೊದಲು ಏನಾಗ್ಬೇಕು? ಅಷ್ಟೇ, ಐದು.

ಮೊದಲನೇ ಪ್ರಶ್ನೆ ಬಿಡ್ಲೇಬೇಡಿ. ಯಾರು ಹೇಳ್ತಿದಾರೆ ಅಂತ ಗೊತ್ತಿಲ್ದೆ ಏನು ಹೇಳಿದ್ರು ಅನ್ನೋದಕ್ಕೆ ಬೆಲೆ ಕಟ್ಟೋಕೆ ಆಗಲ್ಲ. ಪ್ರಶ್ನೆ ತಯಾರಾದ್ಮೇಲೆ ಆಫೀಸಿನ ಡಿ ಗ್ರೂಪ್ ನೌಕರರೊಬ್ರಿಗೆ, ವಾಟರ್‌ಮ್ಯಾನಿಗೆ ಓದಿ ಹೇಳಿ ನೋಡಿ, ಅವರು ಎಲ್ಲಿ "ಅಂದ್ರೆ?" ಅಂತಾರೋ ಅಲ್ಲಿ ತಿದ್ದಿ.

ಹಂತ 5: ಲಿಂಕ್ ಒಂದೇ ಅಲ್ಲ, ದಾರಿ ನಾಲ್ಕೈದು ಇರ್ಲಿ

ಆನ್‌ಲೈನ್ ಅಂದ ತಕ್ಷಣ ಪೋರ್ಟಲ್, ಆ್ಯಪ್ ಅಂತ ಟೆಂಡರ್ ಕಡೆ ಓಡೋರಿದಾರೆ. ಬೇಡ. ದೊಡ್ಡ ಪಾಲಿಕೆಯಾದ್ರೆ ಸ್ಪೇನಿನ ಮ್ಯಾಡ್ರಿಡ್ ನಗರದೋರು 2015ರಲ್ಲಿ ಶುರು ಮಾಡಿದ ಡಿಸೈಡ್ ಮ್ಯಾಡ್ರಿಡ್ ಥರದ್ದು ಮಾಡ್ಬಹುದು, ಅದರ ಹಿಂದಿರೋ ಕಾನ್ಸಲ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ, ಯಾರು ಬೇಕಾದ್ರೂ ಬಳಸ್ಬಹುದು. ತಾಲ್ಲೂಕು ಊರಿಗೆ ಒಂದು ಫಾರ್ಮ್, ಆಫೀಸಿನ ಹೆಸರಲ್ಲಿ ಒಂದು ವಾಟ್ಸಾಪ್ ನಂಬರ್, ಒಂದು ಶೀಟ್ ಸಾಕು.

ವಾಯ್ಸ್ ಮೆಸೇಜ್ ಅನ್ನೋದನ್ನ ನಾನು ಬಹಳ ತಡವಾಗಿ ಕಲ್ತೆ. ಟೈಪ್ ಮಾಡೋಕೆ ಬರದೋರು, ಬಂದ್ರೂ ಬೇಜಾರು ಮಾಡ್ಕೊಳೋರು, ಒಂದು ನಿಮಿಷ ಮಾತಾಡು ಅಂದ್ರೆ ಮೂರು ನಿಮಿಷ ಮಾತಾಡ್ತಾರೆ, ಫಾರ್ಮಲ್ಲಿ ಯಾರೂ ಬರೀದಿರೋ ವಿಷಯ ಅಲ್ಲಿ ಬರತ್ತೆ. ಒಬ್ಬ ಹೆಣ್ಮಗಳು ಹಿಂದೆ ಮಗು ಅಳ್ತಿರೋ ಸದ್ದಲ್ಲೇ ಹೇಳಿದ್ದು: ಯಾರ್ಡಲ್ಲಿ ಶೌಚಾಲಯ ಇದೆ ಆದ್ರೆ ಬೀಗ ಹಾಕಿರ್ತಾರೆ, ಬೀಗದ ಕೈ ಇರೋ ವಾಚ್‌ಮ್ಯಾನ್ ಸಂತೆ ದಿನಾನೇ ರಜಾ. ಇದು ಇಂಜಿನಿಯರ್‌ಗಳು ಬರೆಯೋ ಯಾವ ಯೋಜನಾ ವರದೀಲೂ (ಡಿಪಿಆರ್) ಸಿಗಲ್ಲ. ಕೇಳಿ ಬರೆದಿಡೋಕೆ ಟೈಮ್ ಹಿಡಿಯತ್ತೆ, ಅದಕ್ಕೊಬ್ರನ್ನ ನೇಮಿಸಿ.

ಸುದ್ದಿ ಮುಟ್ಸೋಕೆ ಕಸದ ಗಾಡಿ ಮೈಕಿಗಿಂತ ದೊಡ್ಡ ಮಾಧ್ಯಮ ನಮ್ಮೂರುಗಳಲ್ಲಿ ಇಲ್ಲ, ಬೆಳಗ್ಗೆ ಎದ್ರೆ ಎಲ್ಲರ ಮನೆ ಬಾಗಿಲಿಗೂ ಬರತ್ತೆ. ಅದರಲ್ಲಿ ಅರ್ಧ ನಿಮಿಷದ ಆಡಿಯೋ ಹಾಕ್ಸಿ. ಕ್ಯೂಆರ್ ಕೋಡನ್ನ ಆಫೀಸ್ ನೋಟಿಸ್ ಬೋರ್ಡಿಗೆ ಅಂಟಿಸಿ ಕೂರ್ಬೇಡಿ, ಅಲ್ಲಿಗೆ ಬರೋರು ಖಾತೆ ಮಾಡ್ಸೋಕೆ ಬಂದೋರು, ಸಂತೆ ಬಾಗಿಲಿಗೆ, ಹಾಲಿನ ಡೈರಿಗೆ, ಬಸ್ ಸ್ಟ್ಯಾಂಡಿನ ಹೋಟ್ಲಿಗೆ ಅಂಟ್ಸಿ. ಪಂಚಾಯ್ತಿ ಗ್ರಂಥಾಲಯದೋರು, ಗ್ರಾಮ ಒನ್ ಸೆಂಟರಿನೋರು, ಸ್ತ್ರೀಶಕ್ತಿ ಸಂಘದೋರು ಫಾರ್ಮ್ ತುಂಬೋಕೆ ಕೈ ಜೋಡಿಸ್ತಾರೆ, ಆದ್ರೆ ಅವರ ಬಾಯಿಂದ ಉತ್ತರ ಬರಬಾರ್ದು, ಕೇಳಿದ್ದನ್ನ ಕೇಳಿದಂಗೇ ಬರೀಬೇಕು ಅಂತ ಒಂದ್ಸಲ ಕೂರಿಸಿ ಹೇಳಿ. ಕಾಗದದಲ್ಲಿ ಬಂದಿದ್ದನ್ನೂ ಅದೇ ಶೀಟಿಗೆ ಏರಿಸ್ಬೇಕು, ಅದು ಬೇರೆ ಇದು ಬೇರೆ ಅಂತಾದ್ರೆ ಕಾಗದ ಕಡತದೊಳಗೇ ಉಳಿಯತ್ತೆ.

ಸಂತೇಲೇ ಕೂತು ಕೇಳೋದಾದ್ರೆ ಬೆಳಗ್ಗೆ ಹೋಗ್ಬೇಡಿ, ವ್ಯಾಪಾರದ ಹೊತ್ತು, ಬೈತಾರೆ. ಮಧ್ಯಾಹ್ನ ಎರಡರ ಮೇಲೆ ಬಿಸಿಲಿಗೆ ಗಿರಾಕಿ ಕಮ್ಮಿ ಆಗ್ತಾರೆ, ಆಗ ಪಕ್ಕದಲ್ಲಿ ಗೋಣಿಚೀಲ ಹಾಸ್ಕೊಂಡು ಕೂತ್ರೆ ಮಾತು ತಾನಾಗೇ ಬರತ್ತೆ.

ಹಂತ 6: ಹೆಸರು, ನಂಬರ್ ಜೋಪಾನ

2015ರಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅದೇ ಟ್ರಾಯ್, ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ಟಲ್ಲಿ ಎಲ್ಲ ವೆಬ್‌ಸೈಟನ್ನೂ ಒಂದೇ ಥರ ನೋಡೋದು) ಬಗ್ಗೆ 118 ಪುಟದ ಕಾಗದ ಹಾಕಿ 20 ಪ್ರಶ್ನೆ ಕೇಳ್ತು. ಅಷ್ಟು ಉದ್ದದ್ದನ್ನ ಯಾರು ಓದ್ತಾರೆ ಅಂದ್ಕೊಂಡ್ರೆ, ಜನರೇ ಅದನ್ನ ಸರಳ ಮಾಡಿ ಹಂಚಿ ಹತ್ತು ಲಕ್ಷಕ್ಕೂ ಮೇಲೆ ಇಮೇಲ್ ಬಂತು. ಟ್ರಾಯ್ ಅವನ್ನೆಲ್ಲ ಪ್ರಕಟಿಸ್ತು, ಸರಿ, ಆದ್ರೆ ಕಳ್ಸಿದೋರ ಇಮೇಲ್ ಐಡಿ ಸಮೇತ. ಸ್ಪ್ಯಾಮ್ ಕಳ್ಸೋರಿಗೆ ಹಬ್ಬ. ಅಭಿಪ್ರಾಯ ಪ್ರಕಟಿಸಿ, ಐಡಿ ಫೋನ್ ನಂಬರ್ ತೆಗೆದು ಪ್ರಕಟಿಸಿ.

ಆಧಾರ್ ನಂಬರ್ ಕೇಳ್ಲೇಬೇಡಿ, ಸಂತೆ ಬಗ್ಗೆ ಮಾತಾಡೋಕೆ ಆಧಾರ್ ಯಾಕೆ? ವಾರ್ಡ್ ನಂಬರ್ ಸಾಕು, ಫೋನ್ ನಂಬರ್ ಇಷ್ಟ ಇದ್ರೆ ಕೊಡ್ಲಿ, "ತೀರ್ಮಾನ ಆದ್ಮೇಲೆ ನಿಮ್ಗೆ ತಿಳಿಸೋಕೆ ಮಾತ್ರ" ಅಂತ ಕೆಳಗೆ ಬರೆದಿರ್ಲಿ, ಅದಕ್ಕೆ ಮಾತ್ರ ಬಳಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರೋದು ಬರೀ ಕಂಪನಿಗಳಿಗಲ್ಲ. ಫಾರ್ಮನ್ನ ಕಂಪ್ಯೂಟರ್ ಆಪರೇಟರ್‌ನ ಸ್ವಂತ ಜಿಮೇಲಲ್ಲಿ ಮಾಡಿದ್ರೆ ಅವರು ಬೇರೆ ಊರಿಗೆ ಹೋದಾಗ ಡೇಟಾನೂ ಅವರ ಜೊತೆ ಹೋಗತ್ತೆ, ಆಫೀಸ್ ಐಡೀಲೇ ಮಾಡಿ. ನಾನು ನನ್ನ ಐಡೀಲಿ ಮಾಡಿದ್ದೆ, ಅದರ ಕಥೆ ಕೊನೇಲಿ.

ಹಂತ 7: ನಡೀತಿರುವಾಗ

ವಾರಕ್ಕೊಂದ್ಸಲ ಶೀಟ್ ತೆಗೆದು ಯಾವ ವಾರ್ಡಿಂದ, ಯಾವ ಥರದೋರಿಂದ ಬಂದಿಲ್ಲ ನೋಡಿ, ಅಲ್ಲಿಗೆ ಜನ ಕಳ್ಸಿ. ಆನ್‌ಲೈನ್ ಮೀಟಿಂಗ್ ಇಡೋದಾದ್ರೆ ಬೆಳಗ್ಗೆ ಹನ್ನೊಂದಕ್ಕೆ ಇಡ್ಬೇಡಿ, ಆಗ ಬರೋದು ಆಫೀಸಿನೋರು ಮತ್ತೆ ರಿಟೈರ್ ಆದೋರು ಮಾತ್ರ. ಬೈಗುಳಕ್ಕೆ ಒಂದು ನಿಯಮ ಮೊದಲೇ ಹಾಕಿ: ಜಾತಿ ಎತ್ತಿ, ಹೆಣ್ಮಕ್ಕಳ ಬಗ್ಗೆ ಕೆಟ್ಟದಾಗಿ ಬರೆದ್ರೆ ತೆಗೀತೀವಿ, ಪುರಸಭೇನ ಬೈದ್ರೆ ತೆಗಿಯಲ್ಲ. ಎರಡನೇ ಅರ್ಧ ಪಾಲಿಸೋದೇ ಕಷ್ಟ.

ಜಗಳ ಜೋರಿರೋ ವಿಷಯಕ್ಕೆ ಕಾಮೆಂಟ್ ಬಾಕ್ಸ್ ಕೆಲಸಕ್ಕೆ ಬರಲ್ಲ. ತೈವಾನಲ್ಲಿ 2015ರಲ್ಲಿ ಉಬರ್ ವಿವಾದಕ್ಕೆ ಪೋಲಿಸ್ ಅನ್ನೋ ಸಾಫ್ಟ್‌ವೇರ್ ಬಳಸಿದ್ರು. ಹೆಸರು ಕೇಳಿ ಗಾಬರಿ ಆಗ್ಬೇಡಿ, ಖಾಕಿ ಪೊಲೀಸ್ ಅಲ್ಲ. ಅದರಲ್ಲಿ ಒಬ್ರು ಹೇಳಿದ್ದಕ್ಕೆ ಇನ್ನೊಬ್ರು ರಿಪ್ಲೈ ಮಾಡೋಕೇ ಆಗಲ್ಲ, ಒಪ್ತೀನಿ, ಒಪ್ಪಲ್ಲ, ಬಿಡಿ ಅಂತ ಮೂರೇ ಬಟನ್, ಬೇಕಾದ್ರೆ ನಿಮ್ಮದೊಂದು ಮಾತು ಸೇರಿಸ್ಬಹುದು. ಎರಡೂ ಗುಂಪಿನೋರು ಒಪ್ಪೋ ಮಾತು ಯಾವುದು ಅಂತ ಮೇಲೆ ಬರತ್ತೆ. ಸಣ್ಣ ಊರಿಗೆ ಇನ್ನೂ ಸುಲಭದ್ದು ಟ್ರಾಯ್ ಪದ್ಧತಿ, ಮೊದಲು ಅಭಿಪ್ರಾಯ, ಅದನ್ನ ಪ್ರಕಟಿಸಿದ್ಮೇಲೆ ಪ್ರತಿ ಅಭಿಪ್ರಾಯಕ್ಕೆ ಇನ್ನೊಂದಿಷ್ಟು ದಿನ. ನಾವು ಮೊದಲ ಇಪ್ಪತ್ತು ದಿನದ ಸಾರಾಂಶ ಹಾಕಿ ಉಳಿದ ಹತ್ತು ದಿನ ಅದರ ಮೇಲೆ ಮಾತಾಡಿ ಅಂದ್ವಿ. ಅಂಗಡಿಯೋರಿಗೆ ವ್ಯಾಪಾರಿಗಳ ಕಷ್ಟ ಮೊದಲನೇ ಸಲ ಬರವಣಿಗೇಲಿ ಕಾಣಿಸಿದ್ದು ಆಗ.

ಹಂತ 8: ತಲೆ ಎಣಿಸ್ಬೇಡಿ, ಕಾರಣ ಎಣಿಸಿ

ಅದೇ ಟ್ರಾಯ್ 2015ರ ಡಿಸೆಂಬರಲ್ಲಿ ಡೇಟಾ ದರದ ಬಗ್ಗೆ ನಾಲ್ಕು ಪ್ರಶ್ನೆ ಕೇಳ್ದಾಗ ಫೇಸ್‌ಬುಕ್ ತನ್ನ ಬಳಕೆದಾರರಿಗೆ ಒಂದು ಬಟನ್ ಕೊಟ್ಟು ಕೆಲವೇ ವೆಬ್‌ಸೈಟನ್ನ ಪುಕ್ಕಟೆ ಕೊಡೋ ತನ್ನ ಯೋಜನೆ ಪರವಾಗಿ "ಫ್ರೀ ಬೇಸಿಕ್ಸ್‌ಗೆ ನನ್ನ ಬೆಂಬಲ" ಅಂತ ಲಕ್ಷಗಟ್ಟಲೆ ಮೇಲ್ ಕಳ್ಸಿಸ್ತು. ನಾಲ್ಕು ಪ್ರಶ್ನೆಗೆ ಅದರಲ್ಲಿ ಉತ್ತರ ಇರ್ಲಿಲ್ಲ, ಟ್ರಾಯ್ ಅದನ್ನೇ ಹೇಳ್ತು, 2016ರ ಫೆಬ್ರವರಿ 8ಕ್ಕೆ ತಾರತಮ್ಯದ ದರ ಬೇಡ ಅಂತ ನಿಯಮ ತಂತು. ನಿಮ್ಮಲ್ಲೂ ಹಂಗೇ, ಒಬ್ಬ ಮುಖಂಡ ಇನ್ನೂರು ಜನರ ಹೆಸರಲ್ಲಿ ಒಂದೇ ಒಕ್ಕಣೆ ಕಳ್ಸಿದ್ರೆ ಎಸೆಯೋದೂ ಬೇಡ, ಇನ್ನೂರು ಅಂತ ಮೆರೆಸೋದೂ ಬೇಡ, "ಒಂದೇ ಒಕ್ಕಣೆ, ಇನ್ನೂರು ಸಹಿ" ಅಂತ ಒಂದು ಸಾಲಲ್ಲಿ ಬರೆದಿಡಿ.

ವೋಟ್ ಹಾಕ್ಸಿ ಗೆದ್ದಿದ್ದೇ ಮಾಡ್ತೀವಿ ಅಂತ ಮಾತ್ರ ಸುಮ್ನೆ ಹೇಳ್ಬೇಡಿ. 2016ರಲ್ಲಿ ಬ್ರಿಟನ್ನಿನ ಒಂದು ಸಂಶೋಧನಾ ಹಡಗಿಗೆ ಹೆಸರು ಸೂಚಿಸಿ ಅಂದ್ರೆ ಜನ "ಬೋಟಿ ಮ್ಯಾಕ್‌ಬೋಟ್‌ಫೇಸ್" ಅಂತ ತಮಾಷೆ ಹೆಸರು ಗೆಲ್ಸಿದ್ರು, ಸರ್ಕಾರ ಕಡೆಗೆ ಟೀವೀಲಿ ಪ್ರಾಣಿ ಪ್ರಪಂಚ ತೋರ್ಸೋ ಡೇವಿಡ್ ಅಟೆನ್‌ಬರೋ ಹೆಸರಿಟ್ಟು, ಗೆದ್ದ ಹೆಸರನ್ನ ಹಡಗಿನ ಜೊತೆ ಹೋಗೋ ಪುಟ್ಟ ಸಬ್‌ಮರೀನಿಗೆ ಇಟ್ಟು ಮಾನ ಉಳಿಸ್ಕೊಳ್ತು.

ಶೀಟಲ್ಲಿ ಪ್ರತಿ ಉತ್ತರದ ಪಕ್ಕ ವಿಷಯ ಗುರುತಿಸಿ: ಬಸ್, ನೆರಳು, ಶೌಚಾಲಯ, ಸುಂಕ, ಟ್ರಾಫಿಕ್. ಇಬ್ರು ಬೇರೆ ಬೇರೆ ಕೂತು ಗುರುತಿಸಿ ಆಮೇಲೆ ತಾಳೆ ನೋಡಿದ್ರೆ ಒಳ್ಳೇದು, ಒಬ್ರೇ ಮಾಡಿದ್ರೆ ತಮಗೆ ಬೇಕಾದ್ದೇ ಕಾಣತ್ತೆ. ಒಬ್ರೇ ಹೇಳಿದ ಮಾತಾದ್ರೂ ನಿಜ ಇದ್ರೆ ತೂಕ ಇರತ್ತೆ, ಆ ಶೌಚಾಲಯದ ಬೀಗ ಒಬ್ಳೇ ಹೇಳಿದ್ದು.

ಹಂತ 9: ಉತ್ತರ

ಇದಕ್ಕೆ ವಿದೇಶಕ್ಕೆ ಹೋಗ್ಬೇಕಿಲ್ಲ. ಕರೆಂಟ್ ದರ ಏರಿಸೋ ಮುಂಚೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅದೇ ಕೆಇಆರ್‌ಸಿ, ಆಕ್ಷೇಪಣೆ ಕರೆದು ವಿಚಾರಣೆ ಮಾಡತ್ತಲ್ಲ, ಅದರ ದರ ಆದೇಶ ಒಂದನ್ನ ತೆಗೆದು ಓದಿ. ಗ್ರಾಹಕರ ಆಕ್ಷೇಪಣೆ ಏನು, ಅದಕ್ಕೆ ಕರೆಂಟ್ ಕಂಪನಿ (ಎಸ್ಕಾಂ) ಕೊಟ್ಟ ಉತ್ತರ ಏನು, ಆಯೋಗದ ಅಭಿಪ್ರಾಯ ಏನು ಅಂತ ಅದರಲ್ಲೇ ಅಚ್ಚಾಗಿರತ್ತೆ. ದರ ಏರಿದ್ದು ಏರಿದ್ದೇ, ಬೈಯೋರು ಬೈತಾರೆ, ಆದ್ರೆ ನಾನು ಹೇಳಿದ್ದು ಎಲ್ಲಿ ಹೋಯ್ತು ಅಂತ ಹುಡುಕಿದ್ರೆ ಪುಟ ಸಿಗತ್ತೆ. ಅದೇ ಮಾದರಿ ಕದ್ದು ಮೂರು ಕಾಲಮ್ ಮಾಡಿ: ಜನ ಹೇಳಿದ್ದು, ನಾವು ಮಾಡೋದು ಅಥವಾ ಮಾಡದೇ ಇರೋದು, ಯಾಕೆ. ನಮ್ಮ ಪಟ್ಟಿಯ ಒಂದು ಸಾಲು ಹೀಗಿತ್ತು: "ಯಾರ್ಡಿಗೆ ಬಸ್ ಇಲ್ಲ, ಆಟೋಗೆ ಕೊಟ್ರೆ ಸೊಪ್ಪಿನ ಲಾಭ ಹೋಗತ್ತೆ. ಒಪ್ಪಿದೀವಿ. ಬಸ್ ಬಿಡೋದು ಪುರಸಭೆ ಕೈಲಿಲ್ಲ, ಡಿಪೋಗೆ ಪತ್ರ ಬರೆದಿದೀವಿ, ಬಸ್ ಬರೋವರೆಗೆ ಸೊಪ್ಪು ತರಕಾರಿ ಸಾಲು ಹಳೇ ಜಾಗದಲ್ಲೇ." ದನದ ಸಂತೆ, ದಿನಸಿ ಸಾಲು ಯಾರ್ಡಿಗೆ ಹೋಯ್ತು. ಪೂರ್ತಿ ಖುಷಿ ಯಾರಿಗೂ ಆಗ್ಲಿಲ್ಲ.

ಈ ಪಟ್ಟಿ ಕೌನ್ಸಿಲ್ ಮೀಟಿಂಗಿನ ಅಜೆಂಡಾ ಜೊತೆಗೇ ಹೋಗ್ಬೇಕು, ಠರಾವಿನಲ್ಲೂ ಅದರ ಉಲ್ಲೇಖ ಇರ್ಬೇಕು, ಮೀಟಿಂಗ್ ಮುಗಿದ್ಮೇಲೆ ಮಾಡಿದ್ರೆ ಅದು ಸಮರ್ಥನೆ ಆಗತ್ತೆ ಅಷ್ಟೇ. ನಂಬರ್ ಕೊಟ್ಟೋರಿಗೆಲ್ಲ ವಾಟ್ಸಾಪಲ್ಲಿ ಕಳ್ಸಿ, ಕಸದ ಗಾಡಿ ಮೈಕಲ್ಲಿ ತೀರ್ಮಾನ ಹೇಳ್ಸಿ, ವಾಯ್ಸ್ ಕಳ್ಸಿದೋರಿಗೆ ವಾಯ್ಸಲ್ಲೇ ಉತ್ತರ ಕೊಡಿ.

ಕೊನೇ ಹಂತ: ಫಾರ್ಮ್ ಮುಚ್ಚಿ

ಗಡುವು ಮುಗಿದ ದಿನ "ಉತ್ತರ ಸ್ವೀಕರಿಸೋದು ನಿಲ್ಲಿಸಿ" ಅನ್ನೋ ಬಟನ್ ಒತ್ತಿ, ಅಲ್ಲಿ ಕಾಣೋ ಸಂದೇಶದಲ್ಲಿ ತೀರ್ಮಾನದ ಲಿಂಕ್ ಹಾಕಿ. ನನ್ನ ಆ ಮೊದಲನೇ ಫಾರ್ಮ್ ನನ್ನ ಜಿಮೇಲಲ್ಲೇ ಇತ್ತಲ್ಲ, ಮುಚ್ಚೋಕೆ ಮರೆತಿದ್ದೆ, ಎರಡು ವರ್ಷ ಆದ್ಮೇಲೆ ಯಾವುದೋ ಗ್ರೂಪಲ್ಲಿ ಹಳೇ ಲಿಂಕ್ ಮತ್ತೆ ಫಾರ್ವರ್ಡ್ ಆಗಿರ್ಬೇಕು, ಒಂದು ರಾತ್ರಿ ಹನ್ನೊಂದೂವರೆಗೆ ಹೊಸ ಉತ್ತರ ಬಂತು ಅಂತ ಮೇಲ್ ಬಂತು. ತೆಗೆದು ನೋಡಿದ್ರೆ ಹೌದು, ಇಲ್ಲ ಎರಡನ್ನೂ ಬಿಟ್ಟು ಕೆಳಗಿನ ಬಾಕ್ಸಲ್ಲಿ ಬರೆದಿದ್ರು: "ಇದನ್ನ ಯಾರಾದ್ರೂ ಓದ್ತೀರಾ ಸಾರ್?"